ಒಡೆಯ ಹೋದರೂ ಕೋಡ್ ಉಳಿಯಲಿ

2009ರ ಆಗಸ್ಟ್ 19ರಂದು ರೂಬಿ ಭಾಷೆಯ ಪ್ರೋಗ್ರಾಮರುಗಳ ಅಚ್ಚುಮೆಚ್ಚಿನವನೊಬ್ಬ ಅಂತರಜಾಲದಿಂದ ಮರೆಯಾದ. ‘ವೈ ದ ಲಕ್ಕಿ ಸ್ಟಿಫ್’ ಎಂಬುದು ಅವನು ಇಟ್ಟುಕೊಂಡಿದ್ದ ಹೆಸರು. ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಹ್ಯಾಕೆಟಿ ಹ್ಯಾಕ್, ಕಿಟಕಿ-ಗುಂಡಿಗಳಿರುವ ತಂತ್ರಾಂಶ ಕಟ್ಟಲು ನೆರವಾಗುವ ಶೂಸ್ ಎರಡೂ ಅವನವೇ. ಆ ದಿನ ಅವನ ತಾಣಗಳ ಜತೆಗೆ, ಕೋಡ್ ಇಟ್ಟಿದ್ದ ಗಿಟ್‌ಹಬ್ ಖಾತೆಯೂ ಅಳಿಸಿಹೋಯಿತು. ಆದರೆ ಅವನ ಕೋಡನ್ನು ಹಿಂದೆಯೇ ಇಳಿಸಿಕೊಂಡಿದ್ದವರು ತಮ್ಮಲ್ಲಿದ್ದ ಪ್ರತಿಗಳನ್ನು ಹೊರತೆಗೆದರು. ‘ವೈಮಿರರ್’ ಎಂಬ ಹೆಸರಿನಡಿ ಅವು ಮತ್ತೆ ಒಂದೆಡೆ ಸೇರಿದವು. ಶೂಸ್, ಹ್ಯಾಕೆಟಿ ಹ್ಯಾಕ್‌ಗಳನ್ನು ಬೇರೆಯವರು ಮುಂದುವರಿಸಿದರು.

ಯಾರ ಯಾರದೋ ಮನೆಯ ಕಂಪ್ಯೂಟರಿನಿಂದ ಬಂದ ಪ್ರತಿಯನ್ನು ನಂಬುವುದು ಹೇಗೆ? ತಾಳೆಗರಿಯ ಕಾವ್ಯವನ್ನು ಸಂಪಾದಿಸುವವರು ಹಲವು ಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠಾಂತರ ಗುರುತಿಸುತ್ತಾರೆ. ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಆ ಕೆಲಸವನ್ನು ಹ್ಯಾಶ್ ಎಂಬ ಗುರುತುಸಂಖ್ಯೆ ಮಾಡುತ್ತದೆ. ಪ್ರತಿ ಕಮಿಟ್‌ನ, ಅಂದರೆ ದಾಖಲಾದ ಪ್ರತಿ ಬದಲಾವಣೆಯ, ಹ್ಯಾಶನ್ನು ಅದರ ಒಳಗಿನ ಕೋಡ್ ಮತ್ತು ಅದರ ಹಿಂದಿನ ಕಮಿಟ್‌ನ ಹ್ಯಾಶ್ ಸೇರಿಸಿ ಲೆಕ್ಕ ಹಾಕಲಾಗುತ್ತದೆ. ಹತ್ತು ವರ್ಷ ಹಿಂದಿನ ಒಂದು ಅಕ್ಷರ ಬದಲಾದರೂ ಅಲ್ಲಿಂದ ಮುಂದಿನ ಹ್ಯಾಶ್‌ಗಳೆಲ್ಲ ಬದಲಾಗುತ್ತವೆ. ಎರಡು ಪ್ರತಿಗಳ ಕೊನೆಯ ಹ್ಯಾಶ್ ತಾಳೆಯಾಯಿತೆಂದರೆ ಇಡೀ ಚರಿತ್ರೆ ತಾಳೆಯಾದಂತೆ. ಹೀಗೆ ಕೋಡ್ ಕಾಪಾಡಿಡುವ ಹವ್ಯಾಸದಲ್ಲಿ ನನಗೆ ಇದಕ್ಕಿಂತ ಸೊಗಸಾದದ್ದು ಇನ್ನೊಂದು ಕಂಡಿಲ್ಲ.

ಆದರೆ ಪ್ರತಿಯೇ ಇಲ್ಲದಿದ್ದರೆ ಹ್ಯಾಶ್ ಏನು ಮಾಡೀತು? ಮುಕ್ತ ತಂತ್ರಾಂಶದ ಲೈಸೆನ್ಸು ಪ್ರತಿ ಮಾಡಿಕೊಳ್ಳುವ ಹಕ್ಕನ್ನು ಎಲ್ಲರಿಗೂ ಕೊಡುತ್ತದೆ. ಕಾಪಾಡುವ ಹೊಣೆಯನ್ನು ಯಾರ ಹೆಗಲಿಗೂ ಹೊರಿಸುವುದಿಲ್ಲ. 2015ರಲ್ಲಿ ಗಿಟೋರಿಯಸ್ ಎಂಬ ಕೋಡ್ ತಾಣ ಮುಚ್ಚಿದಾಗ ಅಲ್ಲಿದ್ದ ಸುಮಾರು 1.2 ಲಕ್ಷ ರೆಪೊಸಿಟರಿಗಳನ್ನು (ಕೋಡ್ ಕಣಜಗಳನ್ನು) ಉಳಿಸಿದ್ದು ಆರ್ಕೈವ್ ಟೀಮ್‌ನ ಸ್ವಯಂಸೇವಕರು. 2020ರಲ್ಲಿ ಬಿಟ್‌ಬಕೆಟ್ ತಾಣವು ಗಿಟ್‌ನಂಥದ್ದೇ ಆದ ಮರ್ಕ್ಯುರಿಯಲ್‌ನ ರೆಪೊಸಿಟರಿಗಳನ್ನು ಕೈಬಿಟ್ಟಾಗ, ಫ್ರಾನ್ಸಿನ ಇನ್ರಿಯಾ ಸಂಸ್ಥೆ 2016ರಲ್ಲಿ ಲೋಕಕ್ಕೆ ಪರಿಚಯಿಸಿದ ಸಾಫ್ಟ್‌ವೇರ್ ಹೆರಿಟೇಜ್ ಎಂಬ ಕೋಡ್ ಭಂಡಾರ, ಆಕ್ಟೋಬಸ್ ಎಂಬ ಕಂಪನಿಯ ಜತೆಗೂಡಿ ಎರಡು ಲಕ್ಷಕ್ಕೂ ಹೆಚ್ಚು ರೆಪೊಸಿಟರಿಗಳನ್ನು ಕಾಪಾಡಿತು. ಎರಡೂ ಸಲ ಮುಚ್ಚುವ ಸುದ್ದಿ ಮುಂಚೆಯೇ ತಿಳಿದಿತ್ತು, ಅಣಿಯಾಗಲು ಕಾಲಾವಕಾಶವಿತ್ತು. ಒಬ್ಬನೇ ನಡೆಸುವ ಸಣ್ಣ ತಂತ್ರಾಂಶಕ್ಕೆ ಅಂಥ ಮುನ್ಸೂಚನೆ ಸಿಗುವುದಿಲ್ಲ. ಡೊಮೇನಿನ ಬಾಡಿಗೆ ಕಟ್ಟುವವರಿಲ್ಲದೆ ಒಂದು ದಿನ ತಾಣ ತೆರೆಯುವುದು ನಿಲ್ಲುತ್ತದೆ, ಅಷ್ಟೆ.

ಹಾಗಾಗಿ ಮೊದಲೇ ಪೂರ್ತಿ ಪ್ರತಿ ಇಳಿಸಿಟ್ಟುಕೊಳ್ಳಬೇಕು. ಹೀಗೆ ಮಿರರ್ ಮಾಡುವುದು ಕಷ್ಟವಲ್ಲ, ಆದರೆ ಶ್ರದ್ಧೆ ಬೇಕು. ಗಿಟ್ ಕ್ಲೋನ್ ಆಜ್ಞೆಗೆ ‘ಮಿರರ್’ ಆಯ್ಕೆ ಕೊಟ್ಟರೆ ಮೂಲದ ಎಲ್ಲ ಬ್ರಾಂಚು, ಟ್ಯಾಗುಗಳು ಇದ್ದ ಹೆಸರಿನಲ್ಲೇ ಬರುತ್ತವೆ. ಒಳಗೆ ಜೋಡಿಸಿದ ಬೇರೆ ರೆಪೊಸಿಟರಿಗಳು, ಅಂದರೆ ಸಬ್‌ಮಾಡ್ಯೂಲುಗಳು, ಬರುವುದಿಲ್ಲ, ಒಂದೊಂದನ್ನೂ ಬೇರೆಯಾಗಿ ತರಬೇಕು. ಗಿಟ್‌ಹಬ್‌ನ ವಿಕಿ ಪುಟಗಳದ್ದೇ ಪ್ರತ್ಯೇಕ ರೆಪೊಸಿಟರಿ. ಬಗ್ ವರದಿಗಳಂತೂ ಗಿಟ್‌ನ ಹೊರಗೇ ಇರುತ್ತವೆ. ಹೆಚ್ಚಿನವರು ಮರೆಯುವುದು ಇವನ್ನೇ, ನಾನು ಮೊದಲು ಉಳಿಸಿಕೊಳ್ಳುವುದೂ ಇವನ್ನೇ. ಒಂದು ಸಾಲನ್ನು ಹೀಗೇ ಏಕೆ ಬರೆದರು, ಯಾವ ಯಂತ್ರದಲ್ಲಿ ಏನು ಕೆಟ್ಟಿತ್ತು ಎಂಬ ತಿಳಿವಳಿಕೆ ಎಷ್ಟೋ ಬಾರಿ ಅಲ್ಲಿ ಮಾತ್ರ ಇರುತ್ತದೆ. ಆ ಪುಟಗಳನ್ನು ಜಾಲಪುಟ ಸಂಗ್ರಹಿಸಿಡುವ ವಾರ್ಕ್ ಮಾದರಿಯ ಕಡತವಾಗಿ ಉಳಿಸಿದರೆ ವಿಷಯದ ಜತೆಗೆ ಅದನ್ನು ಎಲ್ಲಿಂದ, ಯಾವಾಗ ತಂದದ್ದೆಂಬ ದಾಖಲೆಯೂ ಉಳಿಯುತ್ತದೆ. ಲೈಸೆನ್ಸ್ ಕಡತ ಕಡ್ಡಾಯವಾಗಿ ಜತೆಗಿರಬೇಕು. ಅದಿಲ್ಲದೆ ಮುಂದೆ ಪ್ರತಿ ಸಿಕ್ಕವರು ಕೋಡನ್ನು ಧೈರ್ಯವಾಗಿ ಬಳಸಲಾರರು.

ಓದುಗರಲ್ಲಿ ಒಂದು ಕೋರಿಕೆ. ನೀವು ದಿನವೂ ಬಳಸುವ, ಒಬ್ಬಿಬ್ಬರೇ ನಡೆಸುತ್ತಿರುವ ಒಂದು ಸಣ್ಣ ತಂತ್ರಾಂಶವನ್ನು ಆರಿಸಿಕೊಳ್ಳಿ. ಅದು ಕನ್ನಡದ ಅಕ್ಷರವಿನ್ಯಾಸವಾಗಿರಬಹುದು, ಕೀಲಿಮಣೆಯಾಗಿರಬಹುದು. ಅದರ ಪೂರ್ಣ ಪ್ರತಿಯೊಂದನ್ನು ನಿಮ್ಮ ಡಿಸ್ಕಿನಲ್ಲಿ ಇಟ್ಟುಕೊಳ್ಳಿ. ಅದರ ವಿಳಾಸವನ್ನು ಸಾಫ್ಟ್‌ವೇರ್ ಹೆರಿಟೇಜ್‌ನ ‘ಸೇವ್ ಕೋಡ್ ನೌ’ ಪುಟಕ್ಕೂ ಸಲ್ಲಿಸಿ. ಅಲ್ಲಿ ಯಾರು ಬೇಕಾದರೂ ಸಲ್ಲಿಸಬಹುದು, ಶುಲ್ಕವಿಲ್ಲ. ತಾಣ ಇನ್ನೂ ತೆರೆಯುತ್ತಿರುವಾಗಲೇ ಈ ಕೆಲಸ ಮುಗಿಸಿ.