ಯಾವುದರಲ್ಲಿ ಎಷ್ಟು ಪಾಲು?

ಒಂದು ಪಲ ಒಣಶುಂಠಿಗೆ ಪಣದ ಒಂಬತ್ತರಲ್ಲಿ ನಾಲ್ಕು ಪಾಲು ಸಿಗುತ್ತದೆ. ಹಾಗಾದರೆ ಪಲದ ಎಂಟರಲ್ಲಿ ಮೂರು ಪಾಲು ಶುಂಠಿಗೆ ಎಷ್ಟು ಸಿಕ್ಕೀತು? ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ.ಶ. 850ರ ಹೊತ್ತಿಗೆ, ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಭಿನ್ನರಾಶಿಗಳ ಗುಣಾಕಾರ ಕಲಿಸಲು ಕೊಟ್ಟ ಮೊದಲ ಲೆಕ್ಕ ಇದು. ಈ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಆರಂಭವನ್ನು ನಾನಂತೂ ಕಂಡಿಲ್ಲ.

ಸಂಖ್ಯೆಗಳ ಆಯ್ಕೆಯನ್ನೇ ನೋಡಿ. 4/9 × 3/8. ಮೇಲಿನ 4ರಿಂದ ಕೆಳಗಿನ 8 ಎರಡಾಗುತ್ತದೆ, ಮೇಲಿನ 3ರಿಂದ ಕೆಳಗಿನ 9 ಮೂರಾಗುತ್ತದೆ, ಉಳಿಯುವುದು 1/6. ಗುಣಿಸುವ ಮೊದಲೇ ಹೀಗೆ ಅಡ್ಡಡ್ಡ ಭಾಗಿಸಿಕೊಳ್ಳುವುದನ್ನು ಆಚಾರ್ಯರು ವಜ್ರಾಪವರ್ತನ ಎಂದು ಕರೆದರು. ನಮ್ಮ ಮಕ್ಕಳು ‘ಕಟ್ ಮಾಡೋದು’ ಎನ್ನುತ್ತಾರೆ. ಆದರೆ ನನಗೆ ಹೆಚ್ಚು ಇಷ್ಟವಾಗುವುದು ಉತ್ತರದ ಗಾತ್ರ. 1/6 ಎಂಬುದು ಗುಣಿಸಿದ ಎರಡೂ ಸಂಖ್ಯೆಗಳಿಗಿಂತ ಚಿಕ್ಕದು. ಗುಣಿಸಿದರೆ ದೊಡ್ಡದಾಗಲೇಬೇಕು ಎಂದು ಮಗ್ಗಿ ಕಲಿತ ದಿನದಿಂದ ನಂಬಿಕೊಂಡು ಬಂದ ಮಗು ಇಲ್ಲಿ ತಡೆದು ನಿಲ್ಲುತ್ತದೆ. ನಿಲ್ಲಲಿ, ಅವಸರಪಡಿಸಬೇಡಿ. ಪೂರ್ತಿ ಪಲಕ್ಕೇ ಅರ್ಧ ಪಣ ಇಲ್ಲ. ಶುಂಠಿ ಅರ್ಧ ಪಲವೂ ಇಲ್ಲ. ಅಂದಮೇಲೆ ಕಾಲು ಪಣಕ್ಕಿಂತ ಕಡಿಮೆಯೇ ಸಿಗಬೇಕು. ಇಷ್ಟನ್ನು ಮಗು ತಾನಾಗಿ ಹೇಳಿತೆಂದರೆ, ಅಂಶಕ್ಕೆ ಅಂಶ, ಛೇದಕ್ಕೆ ಛೇದ ಗುಣಿಸುವುದು ಬರೀ ಕೈಕೆಲಸ.

ವಾಕ್ಯರೂಪದ ಲೆಕ್ಕಗಳಲ್ಲಿ ಮಕ್ಕಳು ಎಡವುವುದು ಗುಣಾಕಾರ ಬಾರದೆ ಅಲ್ಲ. ಯಾವುದನ್ನು ಒಂದು ಎಂದು ಹಿಡಿದಿದ್ದೇವೆ ಎಂಬುದು ಕೈತಪ್ಪಿರುತ್ತದೆ. ‘ರಲ್ಲಿ’ ಎಂದು ಬಂದರೆ ಗುಣಿಸು, ‘ಉಳಿದದ್ದು’ ಎಂದು ಬಂದರೆ ಕಳೆ ಎಂಬ ಸುಲಭಸೂತ್ರಗಳನ್ನು ಕೆಲವರು ಹೇಳಿಕೊಡುತ್ತಾರೆ. ಅವು ಮಕ್ಕಳಿಗೆ ಮಾಡುವ ಅನ್ಯಾಯ. ಎರಡೂವರೆ ಎಕರೆಯಲ್ಲಿ ಅರ್ಧ ಬಾಳೆ ಎಂದರೆ ಒಂದೂಕಾಲು ಎಕರೆ. ಎರಡೂವರೆ ಎಕರೆಯಲ್ಲಿ ಅರ್ಧ ಎಕರೆ ಬಾಳೆ ಎಂದರೆ ಗುಣಿಸುವ ಪ್ರಮೇಯವೇ ಇಲ್ಲ. ಎರಡರಲ್ಲೂ ‘ರಲ್ಲಿ’ ಇದೆ.

ಅದೇ ಎರಡೂವರೆ ಎಕರೆಯ ಐದರಲ್ಲಿ ಮೂರು ಪಾಲು ಅಡಿಕೆ, ಉಳಿದದ್ದರಲ್ಲಿ ಅರ್ಧ ಬಾಳೆ ಎನ್ನೋಣ. 5/2 × 3/5, ಅಡಿಕೆಗೆ ಒಂದೂವರೆ ಎಕರೆ. ಉಳಿದದ್ದು ಒಂದು ಎಕರೆ, ಬಾಳೆಗೆ ಅದರ ಅರ್ಧ, ಅಂದರೆ 20 ಗುಂಟೆ. ‘ಅರ್ಧ’ ಕಂಡ ಕೂಡಲೇ ಇಡೀ ಜಮೀನನ್ನು ಅರ್ಧ ಮಾಡಿದವರಿಗೆ ಬಾಳೆಗೇ ಒಂದೂಕಾಲು ಎಕರೆ ಬರುತ್ತದೆ. ಎರಡನ್ನೂ ಕೂಡಿಸಿದರೆ ಎರಡೂ ಮುಕ್ಕಾಲು ಎಕರೆ! ಇರುವ ಜಮೀನಿಗಿಂತ ಬೆಳೆಯ ಜಮೀನೇ ಹೆಚ್ಚು. ಈ ಕೊನೆಯ ಕೂಡಿಕೆಯನ್ನು ಮಾಡಿ ನೋಡುವ ಅಭ್ಯಾಸವಿದ್ದರೆ ತಪ್ಪು ತಾನಾಗಿಯೇ ಸಿಕ್ಕಿಬೀಳುತ್ತದೆ.

ಮಿಶ್ರ ಭಿನ್ನರಾಶಿಗಳ ಗುಣಾಕಾರಕ್ಕೆ ನಮ್ಮ ಹಳ್ಳಿಗಳ ಭೂಮಾಪನವೇ ಒಂದು ಸೊಗಸಾದ ಪಾಠ. 33 ಅಡಿಯ ಒಂದು ಚೈನು ಉದ್ದ, ಒಂದು ಚೈನು ಅಗಲದ ನೆಲ ಒಂದು ಗುಂಟೆ. ಅಂದರೆ 1,089 ಚದರಡಿ. 40 ಗುಂಟೆಗೆ ಒಂದು ಎಕರೆ, ಗುಂಟೆಗೆ 16 ಆಣೆ. ಈಗ ಮೂರೂ ಮುಕ್ಕಾಲು ಚೈನು ಉದ್ದ, ಎರಡೂವರೆ ಚೈನು ಅಗಲದ ಒಂದು ತಾಕು. ಎಷ್ಟು ಗುಂಟೆ?

ಬಹಳ ಮಕ್ಕಳು ಮೂರೆರಡ್ಲಿ ಆರು, ಮುಕ್ಕಾಲರ ಅರ್ಧ 3/8, ಒಟ್ಟು ಆರು ಗುಂಟೆ ಮೂರೆಂಟಾಂಶ ಎಂದು ಬರೆದುಬಿಡುತ್ತಾರೆ. ತಾಕಿನ ಚಿತ್ರ ಬರೆಸಿ. ಉದ್ದದಲ್ಲಿ ಮೂರು ಚೈನಿಗೆ ಒಂದು ಗೆರೆ, ಅಗಲದಲ್ಲಿ ಎರಡು ಚೈನಿಗೆ ಇನ್ನೊಂದು. ನಾಲ್ಕು ತುಂಡುಗಳು ಕಾಣುತ್ತವೆ. ದೊಡ್ಡದು 3 × 2, ಆರು ಗುಂಟೆ. ಮೂಲೆಯ ಚಿಕ್ಕದು ಮುಕ್ಕಾಲರ ಅರ್ಧ, 3/8. ಮಗು ಮರೆತದ್ದು ಪಕ್ಕದ ಎರಡು ಪಟ್ಟಿಗಳನ್ನು: ಮೂರರ ಅರ್ಧ ಒಂದೂವರೆ, ಮುಕ್ಕಾಲರ ಎರಡರಷ್ಟು ಇನ್ನೊಂದು ಒಂದೂವರೆ. ಒಟ್ಟು 9⅜. ವಿಷಮ ಭಿನ್ನರಾಶಿ ಮಾಡಿಕೊಂಡು 15/4 × 5/2 ಎಂದರೂ 75/8, ಅದೇ 9⅜. ಮೂರೆಂಟಾಂಶ ಗುಂಟೆಗೆ ಆರು ಆಣೆ. ಹಾಗಾಗಿ ಒಂಬತ್ತು ಗುಂಟೆ ಆರು ಆಣೆ. ಬಿಟ್ಟುಹೋದ ಮೂರು ಗುಂಟೆ ಎಂದರೆ 3,267 ಚದರಡಿ. ಎರಡು ತರ್ಟಿ–ಫಾರ್ಟಿ ಸೈಟು ಹಾಕಿ ಇನ್ನೂ 867 ಚದರಡಿ ಮಿಗುವಷ್ಟು ನೆಲ. ಶಾಲೆಯಲ್ಲಿ ಈ ಚಿತ್ರವನ್ನು ಬರೆಸದೆ ‘ಮಿಶ್ರವನ್ನು ವಿಷಮ ಮಾಡಿ, ಗುಣಿಸಿ’ ಎಂದಷ್ಟೇ ಹೇಳಿ ಮುಗಿಸಿದರೆ, ಯಾಕೆ ವಿಷಮ ಮಾಡಬೇಕು ಎಂಬುದು ಮಗುವಿಗೆ ತಿಳಿಯುವುದೇ ಇಲ್ಲ.

ಪಾಲಿನಲ್ಲಿ ಪಾಲು, ಅದರಲ್ಲಿ ಮತ್ತೆ ಪಾಲು ತೆಗೆಯುವ ಲೆಕ್ಕವನ್ನು ಹಳಬರು ಪ್ರಭಾಗ ಜಾತಿ ಎಂದು ಬೇರೆಯಾಗಿಯೇ ಇಟ್ಟಿದ್ದರು. ಇದರಲ್ಲಿ ಭಾಸ್ಕರಾಚಾರ್ಯರ ‘ಲೀಲಾವತಿ’ಯ (1150) ಜಿಪುಣನನ್ನು ಮೀರಿಸುವವರಿಲ್ಲ. ಅವನು ಭಿಕ್ಷುಕನಿಗೆ ಒಂದು ದ್ರಮ್ಮದ ಅರ್ಧದ ಮೂರರಲ್ಲೆರಡು ಪಾಲಿನ ಮುಕ್ಕಾಲಿನ ಐದನೇ ಒಂದರ ಹದಿನಾರನೇ ಒಂದರ ಕಾಲು ಭಾಗ ಕೊಟ್ಟ. ಕೇಳಲು ಭಾರಿ ದಾನ. ಮೊದಲ ಮೂರನ್ನು ಗುಣಿಸಿದರೆ ಎಲ್ಲ ಕಟ್ ಆಗಿ 1/4. ಪೂರ್ತಿ ಗುಣಿಸಿದರೆ 1/1280. ದ್ರಮ್ಮಕ್ಕೆ 16 ಪಣ, ಪಣಕ್ಕೆ 4 ಕಾಕಿಣಿ, ಕಾಕಿಣಿಗೆ 20 ಕವಡೆ. ಅಂದರೆ ದ್ರಮ್ಮಕ್ಕೆ 1,280 ಕವಡೆ. ಅವನು ಕೊಟ್ಟದ್ದು ಒಂದೇ ಒಂದು ಕವಡೆ. ಗುಣಾಕಾರ ಮುಗಿದಾಗ ಒಬ್ಬ ಮನುಷ್ಯನ ಸ್ವಭಾವ ಬಯಲಾಗುವ ಇಂಥ ಲೆಕ್ಕವನ್ನು ಪಠ್ಯಪುಸ್ತಕ ಬರೆಯುವವರು ಒಮ್ಮೆ ಓದಲೇಬೇಕು.

‘ಗಣಿತಸಾರಸಂಗ್ರಹ’ವನ್ನು ರಂಗಾಚಾರ್ಯರು 1912ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಮದರಾಸಿನಲ್ಲಿ ಪ್ರಕಟಿಸಿದರು. ಪದ್ಮಾವತಮ್ಮ ಅವರ ಕನ್ನಡ ಅನುವಾದ 2000ರಲ್ಲಿ ಹೊಂಬುಜದಿಂದ ಬಂದಿದೆ. ಗಣಿತದ ಮೇಷ್ಟ್ರುಗಳ ಮೇಜಿನ ಮೇಲೆ ಇರಬೇಕಾದ ಪುಸ್ತಕ.

ಈ ವಾರದ ಲೆಕ್ಕ: ನಾಲ್ಕೂವರೆ ಚೈನು ಉದ್ದ, ಮೂರೂವರೆ ಚೈನು ಅಗಲದ ತಾಕಿನಲ್ಲಿ ಮೂರರಲ್ಲಿ ಒಂದು ಪಾಲು ತಂಗಿಗೆ ಹೋಯಿತು. ಉಳಿದದ್ದರಲ್ಲಿ ಅರ್ಧ ತೆಂಗು ಹಾಕಿದ್ದಾರೆ. ತೆಂಗಿನ ತೋಟ ಎಷ್ಟು? ಪೆನ್ಸಿಲ್ ಹಿಡಿಯುವ ಮೊದಲು ಮನೆಯ ಮಕ್ಕಳಿಂದ ಒಂದು ಅಂದಾಜು ಹೇಳಿಸಿ, ಚಿತ್ರ ಬರೆಸಿ, ಆಮೇಲೆ ಗುಣಿಸಲಿ. ಉತ್ತರ ಗುಂಟೆ–ಆಣೆಯಲ್ಲೇ ಇರಲಿ.