ಕಟ್ಟುವ ಕಷ್ಟವಲ್ಲ, ಇಡುವ ಜಾಗ

ವಿಂಡೋಸ್‌ನಲ್ಲಿ ಓಪನ್‌ಎಸ್‌ಎಸ್‌ಎಲ್ ಎಂಬ ಎನ್‌ಕ್ರಿಪ್ಶನ್ ಲೈಬ್ರರಿಯನ್ನು ಬಿಲ್ಡ್ ಮಾಡುವುದೆಂದರೆ ತಲೆನೋವು ಎಂಬ ಹೆಸರು ಇಂದಿಗೂ ಹೋಗಿಲ್ಲ. ಆದರೆ 2016ರಲ್ಲಿ 1.1.0 ಆವೃತ್ತಿ ಬಂದಾಗಲೇ ಹಳೆಯ ಸ್ಕ್ರಿಪ್ಟುಗಳ ಗೋಜಲು ಮುಗಿಯಿತು. ಪರ್ಲ್, ನಾಸ್ಮ್, ವಿಷುವಲ್ ಸ್ಟುಡಿಯೋ ಇದ್ದರಾಯಿತು: ಕಾನ್ಫಿಗರ್, ಎನ್‌ಮೇಕ್, ಎನ್‌ಮೇಕ್ ಟೆಸ್ಟ್. ಕಲಬುರಗಿಯ ಯಾವ ಎಂಜಿನಿಯರಿಂಗ್ ವಿದ್ಯಾರ್ಥಿಗೂ ಇದು ಒಂದು ಮಧ್ಯಾಹ್ನದ ಕೆಲಸ.

ತೊಡಕಿರುವುದು ಯಾರೂ ನಿಂತು ನೋಡದ ಕೊನೆಯ ಹೆಜ್ಜೆಯಲ್ಲಿ. ಮೂಲ ಸೆಟ್ಟಿಂಗ್ ಪ್ರಕಾರ ಲೈಬ್ರರಿ ಹೋಗಿ ಕೂರುವುದು ಪ್ರೊಗ್ರಾಂ ಫೈಲ್ಸ್‌ನಲ್ಲಿ. ಅದಕ್ಕೆ ಅಡ್ಮಿನ್ ಅಧಿಕಾರ ಬೇಕು. ಲ್ಯಾಬಿನ ಹುಡುಗರಿಗೆ ಅದನ್ನು ಯಾರು ಕೊಡುತ್ತಾರೆ? ಹಾಗಾಗಿ ಲೈಬ್ರರಿ ಕೂರುವ ಜಾಗ ಹೇಳುವ ಪ್ರಿಫಿಕ್ಸನ್ನೂ, ಅದರ ಸೆಟ್ಟಿಂಗ್ ಕಡತ ಕೂರುವ ಜಾಗ ಹೇಳುವ ಓಪನ್‌ಎಸ್‌ಎಸ್‌ಎಲ್‌ಡಿರ್ ಅನ್ನೂ ಬದಲಿಸಿ ಸಿ ಡ್ರೈವ್‌ನ ಬುಡದಲ್ಲೇ ಒಂದು ಫೋಲ್ಡರ್ ಮಾಡುತ್ತಾರೆ. ಹಳೆಯ ಅಧಿಕೃತ ಸೂಚನೆಗಳ ಉದಾಹರಣೆಯೂ ಅದೇ ದಾರಿ ತೋರಿಸಿತ್ತು. ವಿಂಡೋಸ್‌ನ ಸಾಮಾನ್ಯ ಅನುಮತಿಗಳಲ್ಲಿ, ಅಲ್ಲಿ ಹುಟ್ಟಿದ ಫೋಲ್ಡರನ್ನು ಆ ಯಂತ್ರಕ್ಕೆ ಲಾಗಿನ್ ಆಗುವ ಯಾರು ಬೇಕಾದರೂ ತಿದ್ದಬಹುದು. ಅದರೊಳಗಿನ ಓಪನ್‌ಎಸ್‌ಎಸ್‌ಎಲ್ ಡಾಟ್ ಸಿಎನ್‌ಎಫ್ ಎಂಬ ಆ ಸೆಟ್ಟಿಂಗ್ ಕಡತಕ್ಕೆ ನಾಲ್ಕು ಸಾಲು ಸೇರಿಸಿದರೆ ಲೈಬ್ರರಿ ಹೊರಗಿನ ಡಿಎಲ್‌ಎಲ್ ಒಂದನ್ನು ತಾನೇ ಎತ್ತಿಕೊಳ್ಳುತ್ತದೆ. ಬೆಳಗಿನ ಬ್ಯಾಚಿನವನು ಇಟ್ಟು ಹೋದದ್ದು ಸಂಜೆ ಅದೇ ಲೈಬ್ರರಿ ಬಳಸುವ ಮೇಷ್ಟ್ರ ಲಾಗಿನ್ನಿನಲ್ಲಿ, ಮೇಷ್ಟ್ರ ಅಧಿಕಾರದಲ್ಲೇ ಓಡುತ್ತದೆ.

ಇನ್ನೂ ಕೆಟ್ಟದ್ದೊಂದಿದೆ. ಈ ಫೋಲ್ಡರಿನ ವಿಳಾಸ ಬಿಲ್ಡ್ ಮಾಡುವಾಗಲೇ ಡಿಎಲ್‌ಎಲ್ ಒಳಗೆ ಅಚ್ಚಾಗಿರುತ್ತದೆ. ಕಲಬುರಗಿಯಲ್ಲಿ ಕಟ್ಟಿದ್ದನ್ನು ಪೆನ್‌ಡ್ರೈವ್‌ನಲ್ಲಿ ಕಮಲಾಪುರಕ್ಕೆ ಒಯ್ದು, ಹಲವರು ಬಳಸುವ ಕಂಪ್ಯೂಟರಿಗೆ ಹಾಕಿ. ಎಲ್ಲಿ ಇಟ್ಟರೂ ಅದು ಹುಡುಕುವುದು ಅದೇ ಹಳೆಯ ವಿಳಾಸವನ್ನು. ಆ ಫೋಲ್ಡರ್ ಅಲ್ಲಿ ಇರುವುದೇ ಇಲ್ಲ. ಇಲ್ಲದ್ದನ್ನು ಸೃಷ್ಟಿಸುವ ಅವಕಾಶ ಮಾತ್ರ ಎಲ್ಲರಿಗೂ ಇದೆ. ಬೀಗ ಹಾಕಿ ಕೀಲಿಯನ್ನು ಹೊಸ್ತಿಲ ಮೇಲೆ ಬಿಟ್ಟ ಹಾಗೆ.

ಓಪನ್‌ಎಸ್‌ಎಸ್‌ಎಲ್ ಯೋಜನೆಯವರಿಗೆ ಇದು ಗೊತ್ತಿಲ್ಲವೆಂದಲ್ಲ. 2019ರ ಜುಲೈನಲ್ಲಿ ಮಿನ್‌ಜಿಡಬ್ಲ್ಯೂ ಎಂಬ ಇನ್ನೊಂದು ಕಂಪೈಲರಿನಲ್ಲಿ ಕಟ್ಟಿದ ಬಿಲ್ಡ್‌ಗಳ ಬಗ್ಗೆ ಇದೇ ಜಾತಿಯ ದೋಷವನ್ನು ಅವರೇ ಪ್ರಕಟಿಸಿದರು. ಯುನಿಕ್ಸ್ ಶೈಲಿಯ ವಿಳಾಸ ವಿಂಡೋಸ್‌ನಲ್ಲಿ ಸಿ ಡ್ರೈವ್‌ನ ಯುಎಸ್‌ಆರ್ ಲೋಕಲ್ ಆಗಿ, ಯಾರಾದರೂ ಬರೆಯಬಹುದಾದ ಜಾಗವಾಗಿತ್ತು. ಬಾಧಿತರು ಕಡಿಮೆ ಎಂಬ ಕಾರಣಕ್ಕೆ ಅದಕ್ಕೆ ಕೊಟ್ಟ ದರ್ಜೆ ‘ಲೋ’. ನನ್ನ ತಕರಾರು ಈ ದರ್ಜೆಯ ಮೇಲೆ. ಒಬ್ಬರಿಗೊಂದು ಲ್ಯಾಪ್‌ಟಾಪ್ ಇರುವ ಊರಿನ ಲೆಕ್ಕ ಅದು. ಒಂದು ಯಂತ್ರಕ್ಕೆ ಹತ್ತಾರು ಕೈ ಬೀಳುವ ಕಡೆ ಆ ಲೆಕ್ಕ ನಿಲ್ಲುವುದಿಲ್ಲ. 2024ರ 3.4 ಆವೃತ್ತಿಯಲ್ಲಿ ವಿಳಾಸವನ್ನು ರಿಜಿಸ್ಟ್ರಿಯಿಂದ ಪಡೆಯುವ ಅನುಕೂಲ ಬಂದಿದೆ, ಒಪ್ಪೋಣ. ಆದರೆ ಬಿಲ್ಡ್ ಮಾಡುವವನೇ ಅದನ್ನು ಕೇಳಿ ಪಡೆಯಬೇಕು.

‘ಲಿನಕ್ಸ್ ಹಾಕ್ರಿ, ಮುಗೀತು’ ಎನ್ನುವ ಪಂಡಿತರ ಮೇಲೆ ನನಗೆ ಇದಕ್ಕಿಂತ ಹೆಚ್ಚು ಸಿಟ್ಟು. ವಿಮರ್ಶೆಯ ಹೆಸರಿನಲ್ಲಿ ಅವರು ಮಾಡುವುದು ಊರು ಬಿಡುವ ಸಲಹೆ. ಕಂಪ್ಯೂಟರು ಕಾಲೇಜಿನದ್ದು, ಅಲ್ಲಿರುವುದು ವಿಂಡೋಸ್. ಅದನ್ನು ಕಿತ್ತೊಗೆಯಲು ವಿದ್ಯಾರ್ಥಿ ಯಾರು? ರೆಡಿಮೇಡ್ ಬೈನರಿ ಇಳಿಸಿಕೊಳ್ಳಿ ಎನ್ನುವವರಾದರೂ, ಅದರೊಳಗೆ ಯಾವ ವಿಳಾಸ ಅಚ್ಚಾಗಿದೆ ಎಂದು ನೋಡಿದ್ದಾರೆಯೇ? ನೋಡಲು ಒಂದೇ ಸಾಲು ಸಾಕು: ಓಪನ್‌ಎಸ್‌ಎಸ್‌ಎಲ್ ವರ್ಷನ್ ಹೈಫನ್ ಡಿ. ಬಂದ ಫೋಲ್ಡರಿನ ಮೇಲೆ ವಿಂಡೋಸ್‌ನ ಐಕ್ಯಾಕಲ್ಸ್ ಆದೇಶ ಓಡಿಸಿದರೆ ಯಾರಿಗೆಲ್ಲ ಬರೆಯುವ ಅಧಿಕಾರವಿದೆ ಎಂಬುದೂ ಗೊತ್ತಾಗುತ್ತದೆ. ಅಡ್ಮಿನ್ ಅಧಿಕಾರ ಸಿಗದವರು ಪ್ರಿಫಿಕ್ಸನ್ನೂ ಓಪನ್‌ಎಸ್‌ಎಸ್‌ಎಲ್‌ಡಿರ್ ಅನ್ನೂ ತಮ್ಮ ಯೂಸರ್ ಫೋಲ್ಡರಿನೊಳಗೇ ಕೊಡಲಿ, ಆ ಬಿಲ್ಡನ್ನು ಬೇರೆಯವರಿಗೆ ಹಂಚದಿರಲಿ.