ಬಾಬಿಗಾಗಿ ಪ್ರಾರ್ಥಿಸಿದ ತಾಯಿ

ತಾಯಿ ಬಚ್ಚಲುಮನೆಯ ಕನ್ನಡಿಗೆ ಚೀಟಿ ಅಂಟಿಸುತ್ತಾಳೆ. ಚೀಟಿಯಲ್ಲಿರುವುದು ಬೈಬಲ್ಲಿನ ವಾಕ್ಯ. ಮಗ ಬೆಳಗ್ಗೆ ಎದ್ದು ಮುಖ ತೊಳೆಯಲು ಬಂದಾಗ ಅದು ಅವನ ಕಣ್ಣಿಗೆ ಬೀಳಬೇಕು, ಅವನ ಮನಸ್ಸು ತಿರುಗಬೇಕು. 2009ರ ಜನವರಿಯಲ್ಲಿ ಅಮೆರಿಕದ ಲೈಫ್‌ಟೈಮ್ ವಾಹಿನಿಯಲ್ಲಿ ಪ್ರಸಾರವಾದ ‘ಪ್ರೇಯರ್ಸ್ ಫಾರ್ ಬಾಬಿ’ ಚಿತ್ರದಲ್ಲಿ ನನ್ನನ್ನು ಬಹಳ ಕಾಡಿದ್ದು ಈ ಚೀಟಿಗಳು. ಮಗ ನರಕಕ್ಕೆ ಹೋಗಿಬಿಡುತ್ತಾನೆ ಎಂದು ನಿಜಕ್ಕೂ ಹೆದರಿದ ತಾಯಿಯೊಬ್ಬಳು ಅವನ್ನು ಪ್ರೀತಿಯಿಂದಲೇ ಬರೆದಿದ್ದಾಳೆ.

ಇದು ನಡೆದ ಕಥೆ. ಕ್ಯಾಲಿಫೋರ್ನಿಯಾದ ವಾಲ್ನಟ್ ಕ್ರೀಕ್ ಎಂಬ ಊರಿನ ಮೇರಿ ಗ್ರಿಫಿತ್ ನಾಲ್ಕು ಮಕ್ಕಳ ತಾಯಿ, ಚರ್ಚನ್ನೇ ನೆಚ್ಚಿಕೊಂಡವಳು. ಮಗ ಬಾಬಿ ಹದಿಹರೆಯದಲ್ಲೇ ತಾನು ಗೇ ಎಂದು ಅಣ್ಣನ ಬಳಿ ಹೇಳಿಕೊಂಡ. ಅಣ್ಣ ಗಾಬರಿಯಾಗಿ ಅಮ್ಮನಿಗೆ ತಿಳಿಸಿದ. ಅಲ್ಲಿಂದ ಮನೆಯೆಲ್ಲ ಅವನನ್ನು ‘ಸರಿಮಾಡುವ’ ಕೆಲಸಕ್ಕೆ ನಿಂತಿತು. 1983ರ ಆಗಸ್ಟಿನಲ್ಲಿ, ಇಪ್ಪತ್ತು ತುಂಬಿ ಎರಡು ತಿಂಗಳಾಗಿದ್ದಾಗ, ಬಾಬಿ ಪೋರ್ಟ್‌ಲ್ಯಾಂಡಿನಲ್ಲಿ ತನ್ನ ಜೀವ ತೆಗೆದುಕೊಂಡ. ಮೇರಿ ಮುಂದೆ ಗೇ ಮತ್ತು ಲೆಸ್ಬಿಯನ್ ಮಕ್ಕಳ ಪರವಾಗಿ ಊರೂರಲ್ಲಿ ಮಾತಾಡಿದಳು. ಪತ್ರಕರ್ತ ಲೆರಾಯ್ ಆರನ್ಸ್ 1995ರಲ್ಲಿ ಇದನ್ನು ಪುಸ್ತಕ ಮಾಡಿದರು. ಅದನ್ನು ಆಧರಿಸಿ ರಸೆಲ್ ಮಲ್ಕಾಹಿ ಈ ಚಿತ್ರ ನಿರ್ದೇಶಿಸಿದ್ದಾರೆ. ಮೇರಿಯಾಗಿ ನಟಿಸಿರುವುದು ಸಿಗೋರ್ನಿ ವೀವರ್.

ಚಿತ್ರದ ದೊಡ್ಡ ಬಲವೇ ವೀವರ್. ಈ ತಾಯಿಯನ್ನು ಅವರು ಎಲ್ಲಿಯೂ ಖಳನಾಯಕಿ ಮಾಡುವುದಿಲ್ಲ. ಮಗನನ್ನು ಮನೋವೈದ್ಯರ ಬಳಿಗೆ ಕರೆದೊಯ್ಯುವಾಗಲೂ, ಅವನಿಗಾಗಿ ಪ್ರಾರ್ಥಿಸುವಾಗಲೂ, ಕೊನೆಗೆ ಇಂಥ ಮಗ ನನಗೆ ಬೇಡ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳುವಾಗಲೂ ಆ ಕಣ್ಣುಗಳಲ್ಲಿ ಒಂದೇ ಭಯ ಇರುತ್ತದೆ. ಮಗ ಸತ್ತ ಮೇಲೆ, ಗೇ ಜನರನ್ನು ಒಪ್ಪಿಕೊಂಡ ಚರ್ಚೊಂದರ ಪಾದ್ರಿಯ ಮುಂದೆ ಅವಳು ಬೈಬಲ್ ಹಿಡಿದು ವಾದಕ್ಕೆ ಕೂರುವ ಸನ್ನಿವೇಶಗಳಂತೂ ಬಹಳ ಚೆನ್ನಾಗಿವೆ. ಅವಳು ಸೋಲಲು ಸಿದ್ಧಳಿಲ್ಲ. ಸೋತರೆ ತನ್ನ ಕೈಯಿಂದಲೇ ಏನಾಯಿತು ಎಂಬುದನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಮನಸ್ಸು ಬದಲಾಗುವುದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆ, ಎಷ್ಟು ನೋವು ಕೊಡುತ್ತದೆ ಎಂಬುದನ್ನು ಚಿತ್ರ ಅವಸರವಿಲ್ಲದೆ ತೋರಿಸುತ್ತದೆ.

ಚಿತ್ರ ಪ್ರಸಾರವಾದ ಅದೇ ತಿಂಗಳು, ಸ್ಯಾನ್ ಫ್ರಾನ್ಸಿಸ್ಕೋದ ಕೇಟ್ಲಿನ್ ರಯನ್ ಮತ್ತು ಅವರ ತಂಡದ ಅಧ್ಯಯನ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬಂತು. 21ರಿಂದ 25 ವಯಸ್ಸಿನ 224 ಗೇ, ಲೆಸ್ಬಿಯನ್, ಬೈಸೆಕ್ಷುಯಲ್ ಯುವಜನರನ್ನು, ನೀವು ಹದಿಹರೆಯದಲ್ಲಿದ್ದಾಗ ಮನೆಯವರು ಹೇಗೆ ನಡೆದುಕೊಂಡರು ಎಂದು ಅವರು ಕೇಳಿದ್ದರು. ಮನೆಯಲ್ಲಿ ತೀವ್ರ ತಿರಸ್ಕಾರ ಉಂಡವರು, ತಿರಸ್ಕಾರ ಅಷ್ಟಾಗಿ ಕಾಣದವರಿಗಿಂತ 8.4 ಪಟ್ಟು ಹೆಚ್ಚಾಗಿ ಆತ್ಮಹತ್ಯೆಗೆ ಪ್ರಯತ್ನಿಸಿದ್ದರು. ಅಂಕಿಗಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ತಿರಸ್ಕರಿಸಿದ ಅಪ್ಪ ಅಮ್ಮಂದಿರಲ್ಲಿ ಅನೇಕರಿಗೆ ತಾವು ತಿರಸ್ಕರಿಸುತ್ತಿದ್ದೇವೆ ಎಂಬ ಅರಿವೇ ಇರಲಿಲ್ಲ ಎಂದು ರಯನ್ ಹೇಳುತ್ತಾರೆ. ಮಗುವನ್ನು ಕಾಪಾಡುತ್ತಿದ್ದೇವೆ ಎಂದೇ ಅವರು ನಂಬಿದ್ದರು. ಗೆಳೆಯರನ್ನು ದೂರ ಮಾಡುವುದು, ಆ ಮಾತನ್ನೇ ಎತ್ತಬೇಡ ಎನ್ನುವುದು, ಎಲ್ಲವೂ ಅವರ ಲೆಕ್ಕದಲ್ಲಿ ಕಾಳಜಿಯೇ. ಕನ್ನಡಿಯ ಮೇಲಿನ ಚೀಟಿಯಲ್ಲಿ ಚಿತ್ರ ಹಿಡಿದಿರುವುದು ಇದನ್ನೇ.

ನನ್ನ ತಕರಾರು ಬಾಬಿಯ ವಿಷಯದಲ್ಲಿ. ರಯನ್ ಕೆಲ್ಲಿ ಆ ಪಾತ್ರವನ್ನು ಮನಸ್ಸಿಟ್ಟು ಮಾಡಿದ್ದಾರೆ, ಆದರೆ ಅವರಿಗೆ ಸಿಕ್ಕ ಜಾಗ ಕಡಿಮೆ. ಪೋರ್ಟ್‌ಲ್ಯಾಂಡಿನಲ್ಲಿ ಅವನನ್ನು ಇದ್ದ ಹಾಗೆ ಒಪ್ಪಿಕೊಂಡ ಸೋದರಸಂಬಂಧಿ ಇದ್ದಳು. ಚಿತ್ರದಲ್ಲಿ ಅವನಿಗೆ ಪ್ರೀತಿಸುವ ಹುಡುಗನೂ ಸಿಗುತ್ತಾನೆ. ಇಷ್ಟಿದ್ದೂ ಅವನು ಉಳಿಯಲಿಲ್ಲ ಎಂದು ತೋರಿಸುವಲ್ಲಿ ಚಿತ್ರಕ್ಕೆ ಪ್ರಾಮಾಣಿಕತೆ ಇದೆ: ವರ್ಷಗಟ್ಟಲೆ ಕಿವಿಗೆ ಬಿದ್ದ ಮಾತು ಮನೆ ಬಿಟ್ಟ ಮಾತ್ರಕ್ಕೆ ನಿಲ್ಲುವುದಿಲ್ಲ. ಆದರೆ ಆ ಒಳಗಿನ ಹೋರಾಟ ಹೇಗಿತ್ತು, ಅವನು ಯಾವಾಗ ಬದುಕಿನ ಕಡೆ ವಾಲಿದ, ಯಾರ ಬಳಿ ಏನು ಹೇಳಲು ಹೋಗಿ ಸುಮ್ಮನಾದ, ಇದೊಂದೂ ನಮಗೆ ತಿಳಿಯುವುದಿಲ್ಲ. ಅವನ ಡೈರಿಯನ್ನು ಕೊನೆಗೆ ಓದುವುದು ಅಮ್ಮ. ಅವನ ಸಾವು ಅಮ್ಮನ ತಿಳಿವಳಿಕೆಗೆ ಮೆಟ್ಟಿಲಾಗುತ್ತದೆ. ಉಳಿದರ್ಧ ಚಿತ್ರ ಅವಳದು, ನಮ್ಮ ಕಣ್ಣೀರೂ ಅವಳ ಪಾಲಿಗೇ.

ಇದನ್ನು ಹದಿನೈದರ ಹುಡುಗನೊಬ್ಬ ಒಬ್ಬನೇ ಕೂತು ನೋಡಿದರೆ ಏನು ತೆಗೆದುಕೊಂಡಾನು? ನಾನು ಹೋದರೆ ಅಮ್ಮನಿಗೆ ಅರ್ಥವಾದೀತು ಎಂದೇ? ಈ ಪ್ರಶ್ನೆ ನನಗೆ ಹಗುರವಾಗಿ ಕಾಣುವುದಿಲ್ಲ. ಚಿತ್ರ ಆ ಸಾವನ್ನು ಪರದೆಯ ಮೇಲೆ ತೋರಿಸುತ್ತದೆ. ತೋರಿಸುವ ಅಗತ್ಯ ಇರಲಿಲ್ಲ. ‘ಥರ್ಟೀನ್ ರೀಸನ್ಸ್ ವೈ’ ಸರಣಿಯ ಅಂಥದೇ ದೃಶ್ಯವನ್ನು ನೆಟ್‌ಫ್ಲಿಕ್ಸ್ ಎರಡು ವರ್ಷ ಟೀಕೆ ಕೇಳಿ 2019ರಲ್ಲಿ ಕತ್ತರಿಸಿತು. ಆತ್ಮಹತ್ಯೆಯ ಕೃತ್ಯವನ್ನು ತೋರಿಸಬೇಡಿ, ಕಷ್ಟ ದಾಟಿದವರನ್ನು ತೋರಿಸಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಚಿತ್ರ ತಯಾರಕರಿಗೆ ಕೈಪಿಡಿ ಬರೆದದ್ದೂ ಅದೇ ವರ್ಷ.

ದಾಟಿದವರೇ ಹೆಚ್ಚು. 2011ರಲ್ಲಿ ಸಂಶೋಧಕ ಮಾರ್ಕ್ ಹಾಟ್ಜೆನ್‌ಬ್ಯೂಲರ್ ಒರೆಗಾನ್ ರಾಜ್ಯದ ಸುಮಾರು 32 ಸಾವಿರ ಹನ್ನೊಂದನೇ ತರಗತಿ ಮಕ್ಕಳ ಮಾಹಿತಿ ಪರಿಶೀಲಿಸಿದರು. ಬಾಬಿ ತೀರಿಕೊಂಡ ಪೋರ್ಟ್‌ಲ್ಯಾಂಡ್ ಇರುವುದು ಆ ರಾಜ್ಯದಲ್ಲೇ. ಹಿಂದಿನ ಹನ್ನೆರಡು ತಿಂಗಳಲ್ಲಿ ಆತ್ಮಹತ್ಯೆಗೆ ಪ್ರಯತ್ನಿಸಿದ್ದೆ ಎಂದವರು ಗೇ, ಲೆಸ್ಬಿಯನ್, ಬೈಸೆಕ್ಷುಯಲ್ ಮಕ್ಕಳಲ್ಲಿ ಶೇ. 21.5, ಉಳಿದವರಲ್ಲಿ ಶೇ. 4.2. ಎದೆ ನಡುಗಿಸುವ ಅಂತರ ಇದು. ಆದರೂ ಐವರಲ್ಲಿ ಸುಮಾರು ನಾಲ್ವರು ಆ ಅವಧಿಯಲ್ಲಿ ಪ್ರಯತ್ನಿಸಿರಲಿಲ್ಲ ಎಂಬುದೂ ಅದೇ ಅಂಕಿಯಲ್ಲಿದೆ. ಕಿರುಕುಳಕ್ಕೆ ತಡೆ ಹಾಕಿದ, ಇಂಥ ಮಕ್ಕಳನ್ನು ರಕ್ಷಿಸುವ ನಿಯಮ ಮಾಡಿದ ಶಾಲೆಗಳು ಹೆಚ್ಚಿದ್ದ ಕೌಂಟಿಗಳಲ್ಲಿ ಅಪಾಯ ಕಡಿಮೆಯಿತ್ತು. ಅಂದರೆ ಅಪಾಯ ಮಗುವಿನ ಹುಟ್ಟಿನಲ್ಲಿಲ್ಲ, ಅದು ಬೆಳೆಯುವ ಊರಿನಲ್ಲಿದೆ, ಶಾಲೆಯಲ್ಲಿದೆ. ಗೇ ಹುಡುಗ ಎಂದರೆ ದುರಂತ ಎಂದು ಮತ್ತೆ ಮತ್ತೆ ಹೇಳುವ ಕಥೆಗಳು ಈ ಮಾತನ್ನು ಮರೆಸುತ್ತವೆ. ‘ಪ್ರೇಯರ್ಸ್ ಫಾರ್ ಬಾಬಿ’ಯೂ ಸ್ವಲ್ಪ ಮಟ್ಟಿಗೆ ಮರೆಸುತ್ತದೆ.

ಕನ್ನಡದ ಪ್ರೇಕ್ಷಕರಿಗೆ ಈ ಮನೆ ಅಪರಿಚಿತ ಅನ್ನಿಸಲಾರದು. ಬೈಬಲ್ ಚೀಟಿಯ ಜಾಗದಲ್ಲಿ ನಮ್ಮಲ್ಲಿ ಹರಕೆ, ಮಂತ್ರಿಸಿದ ದಾರ, ಜಾತಕ, ‘ಒಂದು ಮದುವೆ ಮಾಡಿದರೆ ಎಲ್ಲ ಸರಿಹೋಗುತ್ತೆ’ ಎಂಬ ಹಿರಿಯರ ಮಾತು. ಮನೋವೈದ್ಯರ ಕ್ಲಿನಿಕ್ಕಂತೂ ಎರಡೂ ಕಡೆ ಇದೆ. ಇಂಥ ‘ಚಿಕಿತ್ಸೆ’ಗೆ ತಡೆ ಹಾಕಬೇಕೆಂದು 2021ರ ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಆನಂದ್ ವೆಂಕಟೇಶ್ ಆದೇಶಿಸಿದರು. ಅದರ ಬೆನ್ನಿಗೆ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಅದನ್ನು ವೃತ್ತಿ ದುರ್ನಡತೆ ಎಂದು ಸಾರಿತು. ವೈದ್ಯರ ಕೈ ಕಟ್ಟಬಹುದು, ಆದರೆ ಕನ್ನಡಿಗೆ ಚೀಟಿ ಅಂಟಿಸುವ ಕೈಯನ್ನು ಯಾವ ಆದೇಶವೂ ತಲುಪುವುದಿಲ್ಲ. ಅದಕ್ಕೇ ಈ ಚಿತ್ರ ಇನ್ನೂ ಬೇಕು.

ಬಾಬಿಯಲ್ಲಿ ಸಿಗದ್ದು ನನಗೆ ವಸುಧೇಂದ್ರರ ‘ಮೋಹನಸ್ವಾಮಿ’ ಕಥಾಸಂಕಲನದಲ್ಲಿ ಸಿಕ್ಕಿತು. 2013ರಲ್ಲಿ ಬಂದ ಆ ಕಥೆಗಳಲ್ಲಿ ಅವಮಾನ ಕಡಿಮೆಯಿಲ್ಲ, ಒಂಟಿತನ ಕಡಿಮೆಯಿಲ್ಲ. ಆದರೆ ಮೋಹನಸ್ವಾಮಿ ಬದುಕುತ್ತಾನೆ. ಅಡುಗೆ ಮಾಡುತ್ತಾನೆ, ಪ್ರೀತಿಸಿ ಸೋಲುತ್ತಾನೆ, ಅಸೂಯೆಪಡುತ್ತಾನೆ, ಕಿಲಿಮಂಜಾರೋ ಬೆಟ್ಟ ಹತ್ತುತ್ತಾನೆ. ಅವನ ಸಂಕಟ ಅವನದೇ ಆಗಿ ಉಳಿಯುತ್ತದೆ, ಇನ್ನೊಬ್ಬರ ಕಣ್ಣು ತೆರೆಸಲು ಅವನು ಸಾಯಬೇಕಾಗಿಲ್ಲ. ಹದಿನೈದರ ಹುಡುಗನ ಕೈಗೆ ಆ ಪುಸ್ತಕ ಕೊಡಲು ವಯಸ್ಸಿನ ಪ್ರಶ್ನೆ ಅಡ್ಡ ಬರಬಹುದು. ಅವನ ವಯಸ್ಸಿಗೇ ಬರೆದ, ಕೊನೆಯಲ್ಲಿ ಹುಡುಗ ಉಳಿದಿರುವ ಕಥೆಗಳು ಕನ್ನಡದಲ್ಲಿ ಬರಬೇಕು.

‘ಪ್ರೇಯರ್ಸ್ ಫಾರ್ ಬಾಬಿ’ಯನ್ನು ನಾನು ಅಪ್ಪ ಅಮ್ಮಂದಿರಿಗೆ, ಶಿಕ್ಷಕರಿಗೆ ಧೈರ್ಯವಾಗಿ ತೋರಿಸುತ್ತೇನೆ. ಮೊದಲರ್ಧದಲ್ಲೇ ಒಮ್ಮೆ ನಿಲ್ಲಿಸಿ, ಈಗ ಈ ಮನೆಯಲ್ಲಿ ಯಾರು ಏನು ಮಾಡಬಹುದಿತ್ತು ಎಂದು ಕೇಳುತ್ತೇನೆ. ಅಣ್ಣ, ಅಪ್ಪ, ಅಕ್ಕತಂಗಿಯರು, ಮನೋವೈದ್ಯರು, ಅವರ ಚರ್ಚಿನ ಪಾದ್ರಿ, ಪ್ರತಿಯೊಬ್ಬರಿಗೂ ಅಲ್ಲಿ ಅವಕಾಶವಿತ್ತು. ಮಕ್ಕಳಿಗೆ ತೋರಿಸುವುದಾದರೆ ನಂಬಿಕೆಯ ದೊಡ್ಡವರೊಬ್ಬರು ಪಕ್ಕದಲ್ಲಿರಲಿ, ಮುಗಿದ ಮೇಲೆ ಮಾತಿಗೆ ಸಮಯವಿರಲಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು ಎಂಬುದನ್ನು ಚಿತ್ರ ಶುರುವಾಗುವ ಮೊದಲೇ ಬೋರ್ಡಿನ ಮೇಲೆ ಬರೆದಿಡಿ.